ತೋಟದ ಮರದ ಶೆಡ್ಡಿಗೂ ಆರೈಕೆ ಬೇಕು

ಕಾಫಿಯ ಕಸಿಗೆ, ಅಡಿಕೆಯ ಔಷಧಿಗೆ, ಮೆಣಸಿನ ಗೊಬ್ಬರಕ್ಕೆ ನಮ್ಮಲ್ಲಿ ಕಾಲ ನಿಗದಿಯಾಗಿದೆ. ಆದರೆ ಸ್ಪ್ರೇಯರ್, ಏಣಿ, ಗೋಣಿಚೀಲಗಳನ್ನೆಲ್ಲ ಕಾಪಾಡುವ ಮರದ ಶೆಡ್ಡಿಗೆ ಮಾತ್ರ ಕಾಲವೆಂಬುದಿಲ್ಲ. ಅದು ಬಿದ್ದ ದಿನವೇ ಅದರ ನೆನಪು.

ನಾವೂ ಹಾಗೆಯೇ ಇದ್ದವರು. ಒಮ್ಮೆ ಮೇ ತಿಂಗಳಲ್ಲಿ, ಮಳೆಗೆ ನೆನೆದಿದ್ದ ಹಲಗೆಗಳಿಗೇ ಎನಾಮಲ್ ಬಣ್ಣ ಬಳಿಸಿದೆವು. ಹೊರಗೆ ಒಳ್ಳೆಯ ಹೊಳಪು. ಒಳಗೆ ಸಿಕ್ಕಿಕೊಂಡ ತೇವದಿಂದ ಮರ ಕೊಳೆಯುತ್ತಿತ್ತು. ಮೂರನೆಯ ವರ್ಷ ಅಡಿಕೆಗೆ ಔಷಧಿ ಹೊಡೆಯುವ ದಿನ, ಸುಣ್ಣದ ಚೀಲ ಹೊತ್ತು ಮೆಟ್ಟಿಲೇರಿದ ಆಳಿನ ಕಾಲು ಹಲಗೆ ಮುರಿದು ಒಳಗಿಳಿಯಿತು. ಮೂಳೆ ಮುರಿದು ಆತ ಎರಡು ತಿಂಗಳು ಮಲಗಿದ. ಚಿಕಿತ್ಸೆಯ ಖರ್ಚನ್ನೂ ಕೂಲಿಯನ್ನೂ ಕೊಟ್ಟೆವು. ಆದರೂ ಹತ್ತು ನಿಮಿಷ ಚಾಕು ಹಿಡಿದು ಚುಚ್ಚಿ ನೋಡಿದ್ದರೆ ಆತನ ಕಾಲು ಮುರಿಯುತ್ತಿರಲಿಲ್ಲವೆಂಬ ಕೊರಗು ಇಂದಿಗೂ ಹೋಗಿಲ್ಲ.

ನೆನೆದು ಬೇಗ ಒಣಗುವ ಮರ ಬಹುಕಾಲ ಬಾಳುತ್ತದೆ. ಸದಾ ತೇವದಲ್ಲಿರುವ ಮರ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. ತೇಗ, ಹೊನ್ನೆ, ಹಲಸಿನ ಚೇಗು ತಾಳಿಕೊಳ್ಳುತ್ತದೆ. ಆದರೆ ಯಾವ ಮರದ್ದಾದರೂ ಹೊರಗಿನ ಬಿಳಿಯ ಭಾಗವನ್ನು ನಂಬಲಾಗದು. ಸಿಲ್ವರ್ ಓಕ್ ಹಲಗೆಯಂತೂ ನೆಲ ಮುಟ್ಟಲೇಬಾರದು. ಆ ಬಳಿಕ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ.

ಮಾರ್ಚ್-ಏಪ್ರಿಲ್: ಹೂಮಳೆ ಬಿದ್ದಿದ್ದರೆ ಒಂದೆರಡು ವಾರ ಬಿಸಿಲು ಕಾಯಿಸಿ, ಒಣಗಿದ ಹಲಗೆಗೆ ಗೇರು ಎಣ್ಣೆ ಹಚ್ಚಬೇಕು. ಅಡ್ಡ ಕುಯ್ದ ತುದಿಗಳು ನೀರನ್ನು ಹೆಚ್ಚು ಹೀರುವುದರಿಂದ ಅಲ್ಲಿಗೆ ಎರಡು ಸಲ ಹಚ್ಚುವುದು ಲೇಸು. ಈ ಎಣ್ಣೆ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ, ಕೈಗವಸಿಲ್ಲದೆ ಮುಟ್ಟಬಾರದು.

ಮೇ: ಒಡೆದ ಹೆಂಚು ಬದಲಿಸಿ, ದಂಬೆಯಲ್ಲಿನ ದರಗೆಲೆ ತೆಗೆದು, ಸುತ್ತಲಿನ ಚರಂಡಿ ಬಿಡಿಸಬೇಕು. ಗೋಡೆಗೆ ಒರಗಿಸಿದ ಸೌದೆ, ಸೊಪ್ಪು ದೂರ ಹೋಗಲಿ. ಕಂಬದ ಬುಡ ಕಲ್ಲಿನ ಮೇಲೆ, ಮಣ್ಣಿನಿಂದ ಒಂದಡಿಯಾದರೂ ಎತ್ತರದಲ್ಲಿರಲಿ.

ಜೂನ್-ಸೆಪ್ಟೆಂಬರ್: ಬಣ್ಣ, ಎಣ್ಣೆಯ ಮಾತೇ ಬೇಡ. ಹೊಳವಾದ ದಿನ ಬಾಗಿಲು, ಕಿಟಕಿ ತೆರೆದು ಗಾಳಿಯಾಡಿಸಿದರೆ ಸಾಕು. ಮೈಲುತುತ್ತವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಅದರ ನೀರು ಸೋಂಕಿದ ಕಬ್ಬಿಣದ ಮೊಳೆ, ತಗಡು ಬೇಗ ಸವೆಯುತ್ತವೆ.

ಅಕ್ಟೋಬರ್-ನವೆಂಬರ್: ಇದು ಪರೀಕ್ಷೆಯ ಕಾಲ. ಕಂಬದ ಬುಡ, ಮೆಟ್ಟಿಲು, ತೊಲೆಯ ತುದಿಗಳನ್ನು ಚೂಪಾದ ಚಾಕುವಿನಿಂದ ಚುಚ್ಚಿ ನೋಡಬೇಕು. ಸಲೀಸಾಗಿ ಒಳಹೋದರೆ ಕೊಳೆತಿದೆಯೆಂದೇ ಅರ್ಥ. ಬಣ್ಣ ಬಳಿದು ಮುಚ್ಚದೆ, ಆ ಹಲಗೆಯನ್ನೇ ಬದಲಿಸಬೇಕು. ಕಲ್ಲಿನ ಮೇಲೆ ಮಣ್ಣಿನ ಗೆರೆ ಏರಿದ್ದರೆ ಒರಲೆ ಬಂದಿದೆ. ಗೆರೆ ಕೆರೆದು, ವಾರ ಬಿಟ್ಟು ಮತ್ತೆ ನೋಡಬೇಕು. ಒರಲೆಗೆ ಬಿ.ಎಚ್.ಸಿ. ಪುಡಿ ಎರಚುವ ರೂಢಿ ಹಿಂದೆ ಇತ್ತು. 1997ರಲ್ಲಿ ಅದು ನಿಷೇಧವಾಗಿದೆ. ಅಟ್ಟದಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಕೂಡದು.

ಕೊಯ್ಲಿನ ತಿಂಗಳುಗಳು: ಚೀಲಗಳನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಹಲಗೆಯ ಮೇಲೆ ಜೋಡಿಸಬೇಕು. ಔಷಧಿ ಇಟ್ಟಲ್ಲಿ ಕಾಫಿ ಬೇಡವೇ ಬೇಡ. ಕಾಫಿ ಬೇರೆ ವಾಸನೆಯನ್ನು ಬಹುಬೇಗ ಹೀರುತ್ತದೆ.

ಸಣ್ಣ ಶೆಡ್ಡಿಗೆ ಇದೆಲ್ಲ ಸೇರಿ ವರ್ಷಕ್ಕೆ ನಾಲ್ಕೈದು ಆಳಿನ ಕೆಲಸ. ಸದಸ್ಯ ಬಂಧುಗಳು ನಾಳೆ ತೋಟಕ್ಕೆ ಹೋದಾಗ ಮೊದಲು ಮೆಟ್ಟಿಲಿನ ಹಲಗೆಯನ್ನು ಚುಚ್ಚಿ ನೋಡಬೇಕೆಂದು ನಮ್ಮ ವಿನಂತಿ. ದಿನವೂ ಹೊರೆ ಹೊತ್ತು ಅದನ್ನು ಮೆಟ್ಟುವವರು ನಮ್ಮನ್ನು ನಂಬಿ ಬಂದವರು.