ಸಂತತಿಯ ವಾಗ್ದಾನ ಮತ್ತು ತೆಲುಗು ಕರಾವಳಿಯ ಕ್ರೈಸ್ತರು

ಬೈಬಲ್ಲಿನ ಎರಡು ಭಾಗಗಳನ್ನು ಕನ್ನಡ ಕ್ರೈಸ್ತರು ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಕರೆದರೆ ತೆಲುಗು ಕ್ರೈಸ್ತರು ಪಾತ ನಿಬಂಧನ, ಕ್ರೊತ್ತ ನಿಬಂಧನ ಎನ್ನುತ್ತಾರೆ. ಒಡಂಬಡುವುದೆಂದರೆ ಒಪ್ಪುವುದು, ನಿಬಂಧನೆಯೆಂದರೆ ಕನ್ನಡಿಗನ ಕಿವಿಗೆ ಕಟ್ಟುಪಾಡು, ಷರತ್ತು. ಹೀಬ್ರೂ ಮೂಲದ 'ಬೆರೀತ್' ಎಂಬ ಪದ ಎರಡನ್ನೂ ಒಳಗೊಳ್ಳುತ್ತದೆ. ದೇವರು ಅಬ್ರಹಾಮನಿಗಿತ್ತ ಸಂತತಿಯ ವಾಗ್ದಾನವನ್ನು ಅರಿಯಲು ಈ ಪದಭೇದ ನೆರವಾಗುತ್ತದೆ.

ಆದಿಕಾಂಡದ 12ನೆಯ ಅಧ್ಯಾಯದಲ್ಲಿ, 75 ವರ್ಷವಾಗಿದ್ದರೂ ಮಕ್ಕಳಿಲ್ಲದ ಅಬ್ರಾಮನಿಗೆ ಆತನಿಂದ ಮಹಾಜನಾಂಗವೊಂದು ಹುಟ್ಟುವುದೆಂಬ ಮಾತು ದೊರೆಯುತ್ತದೆ. ಮುಂದೆ ಆ ಸಂತತಿಗೆ ನೆಲದ ಧೂಳು, ಆಕಾಶದ ನಕ್ಷತ್ರ, ಕಡಲ ತೀರದ ಮರಳು ಹೋಲಿಕೆಗಳಾಗಿ ಬರುತ್ತವೆ. 15ನೆಯ ಅಧ್ಯಾಯದ ವಿಧಿಯಲ್ಲಿ ಕಡಿದಿಟ್ಟ ಪಶುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು ಮಾತ್ರ. ಅಬ್ರಾಮನು ಗಾಢನಿದ್ರೆಗೆ ಸಂದವನು. 17ನೆಯ ಅಧ್ಯಾಯದಲ್ಲಾದರೋ ಸುನ್ನತಿಯ ಕಟ್ಟಳೆ ಬರುತ್ತದೆ, ಅಬ್ರಾಮನ ಹೆಸರು ಅಬ್ರಹಾಮ ಎಂದಾಗುತ್ತದೆ. ಇಲ್ಲಿಗೆ ತೆಲುಗಿನ ನಿಬಂಧನವೇ ಹೆಚ್ಚು ಒಪ್ಪುವ ಪದ. ಮೊದಲಿನದಕ್ಕೆ ನಮ್ಮ ಒಡಂಬಡಿಕೆಯೂ ಸಾಲದು, ಏಕೆಂದರೆ ಒಪ್ಪಬೇಕಾದ ಎರಡನೆಯ ಕಕ್ಷಿ ಅಲ್ಲಿ ನಿದ್ರಿಸುತ್ತಿದೆ. ಹೀಗೆ ನಕ್ಷತ್ರಗಳಷ್ಟು ಸಂತತಿಯ ಮಾತು ಪಡೆದವನಿಗೆ ಸಾರಳಲ್ಲಿ ಹುಟ್ಟಿದ್ದು, ಅದೂ ನೂರನೆಯ ವಯಸ್ಸಿನಲ್ಲಿ, ಇಸಾಕನೆಂಬ ಒಬ್ಬನೇ ಮಗ.

ಯೆಹೂದ್ಯರಿಗೆ ಈ ವಾಗ್ದಾನ ತಮ್ಮ ಜನಾಂಗದ ಬಾಳಿನ ಮಾತು. ಕ್ರೈಸ್ತರಿಗೆ ಅದು ಹೇಗೆ ಸಲ್ಲುತ್ತದೆ ಎಂಬುದನ್ನು ವಿವರಿಸಿದವನು ಪೌಲನು. ಸಂತತಿ ಎಂಬರ್ಥದ ಹೀಬ್ರೂ ಪದವು ಬೀಜವನ್ನೂ ಸೂಚಿಸುತ್ತದೆ. ಏಕವಚನವಾಗಿದ್ದೂ ಸಮೂಹವನ್ನು ಹೇಳಬಲ್ಲದು. ಗಲಾತ್ಯರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಪೌಲನು ಏಕವಚನವನ್ನೇ ಹಿಡಿದು, ಆ ಸಂತತಿ ಕ್ರಿಸ್ತನೆಂದೂ ಕ್ರಿಸ್ತನಿಗೆ ಸೇರಿದವರೆಲ್ಲ ಬಾಧ್ಯಸ್ಥರೆಂದೂ ವಾದಿಸುತ್ತಾನೆ. ವೈಯಾಕರಣನಿಗೆ ಇದು ಎಳೆದ ಅರ್ಥವೆನಿಸಬಹುದು. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿನ ವಾದ ಇನ್ನೂ ಗಟ್ಟಿ: ಅಬ್ರಹಾಮನು ನೀತಿವಂತನೆನಿಸಿದ್ದು ಸುನ್ನತಿಗೆ ಮೊದಲೇ ಆದುದರಿಂದ, ಸುನ್ನತಿಯಿಲ್ಲದೆ ನಂಬುವವರಿಗೂ ಅವನು ಮೂಲಪುರುಷ. ಸಂತತಿಯೆಂಬುದು ಹೀಗೆ ರಕ್ತದಿಂದ ನಂಬಿಕೆಗೆ ದಾಟಿತು.

ಈ ವಿಚಾರ ತೆಲುಗು ಕರಾವಳಿಗೆ ಬಂದ ಬಗೆ ಗಮನಾರ್ಹವಾದುದು. 1805ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆ ಗ್ರಾಂಜ್ ವಿಶಾಖಪಟ್ಟಣಕ್ಕೆ ಬಂದು ತೆಲುಗು ಕಲಿತು ಸುವಾರ್ತೆಗಳ ಅನುವಾದಕ್ಕೆ ತೊಡಗಿದರು. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಅನುವಾದ ಕೈಗೊಂಡದ್ದನ್ನು ನೆನೆದರೆ ಎರಡು ಭಾಷೆಗಳ ಈ ಗ್ರಂಥಗಳ ದಾಯಾದಿತನ ತಿಳಿಯುತ್ತದೆ. ವಿಶಾಖಪಟ್ಟಣದ ಓದುಗನಿಗೆ ಕಡಲ ಮರಳನ್ನು ಊಹಿಸಿಕೊಳ್ಳುವ ಶ್ರಮವಿರಲಿಲ್ಲ. ಆದರೆ ಅಲ್ಲಿ ಮೊದಲು ಬೆಳೆದದ್ದು ಗ್ರಂಥ, ಜನವಲ್ಲ.

ಜನ ಬೆಳೆದದ್ದು ಕೃಷ್ಣಾ ತೀರದಲ್ಲಿ. ಆಗಿನ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಚರ್ಚ್ ಮಿಷನರಿ ಸೊಸೈಟಿಯ ಡಾರ್ಲಿಂಗ್ ಅವರ ಸಂಪರ್ಕಕ್ಕೆ ಬಂದ ರಾಘವಾಪುರದ ಮಾಲ ಸಮುದಾಯದ ವೆಂಕಯ್ಯ 1859ರಲ್ಲಿ ತನ್ನ ಬಂಧುಗಳೊಡನೆ ದೀಕ್ಷಾಸ್ನಾನ ಪಡೆದನು. ಬಳಿಕ ನಂಬಿಕೆ ಕೇರಿಯಿಂದ ಕೇರಿಗೆ ಹರಿದದ್ದು ನೆಂಟಸ್ತಿಕೆಯ ದಾರಿಯಲ್ಲೇ. ಪೌಲನು ರಕ್ತದಿಂದ ಬಿಡಿಸಿದ ಸಂತತಿ ಇಲ್ಲಿ ರಕ್ತಸಂಬಂಧವನ್ನೇ ಕಾಲುವೆಯಾಗಿಸಿಕೊಂಡಿತು. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಹುಟ್ಟಿನ ಕಾರಣದಿಂದಲೇ ಊರ ಹೊರಗಿರಿಸಲ್ಪಟ್ಟವರಿಗೆ, ಹುಟ್ಟಿನಿಂದ ನಿರ್ಧಾರವಾಗದ ವಂಶವೊಂದಿದೆ ಎಂಬ ಮಾತು ಕೇವಲ ಉಪಮೆಯಾಗಿರಲಿಲ್ಲ. ಆದರೂ ಮದುವೆಯ ಮಾತು ಬಂದಾಗ ಜಾತಿಭೇದ ಸಭೆಯೊಳಗೂ ಉಳಿದುಕೊಂಡಿತೆಂಬುದನ್ನು ಮರೆಮಾಚುವಂತಿಲ್ಲ.

ಸ್ವಾತಂತ್ರ್ಯಾನಂತರ ವಂಶದ ಪ್ರಶ್ನೆಯನ್ನು ಕಾನೂನು ಬೇರೊಂದು ರೀತಿಯಲ್ಲಿ ಕೇಳಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತೇ ಹೊರತು ಕ್ರೈಸ್ತರಿಗಲ್ಲ. ಆಂಧ್ರದಲ್ಲಿ ಪರಿಶಿಷ್ಟ ಜಾತಿಗಳಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ 'ಸಿ' ಗುಂಪಿಗೆ ಸೇರಿಸಿ ಶೇಕಡಾ 1ರಷ್ಟು ಮೀಸಲಾತಿ ನೀಡಲಾಯಿತು. ಅಬ್ರಹಾಮನ ಸಂತತಿಯೆಂದು ದಾಖಲೆಯಲ್ಲಿ ಹೇಳಿಕೊಂಡವನು ಸ್ವಂತ ತಾತನ ಜಾತಿಪಟ್ಟಿಯಿಂದ ಹೊರಗಾದನು.

ತೆಲುಗರಲ್ಲಿ ಮನೆತನದ ಹೆಸರಾದ ಇಂಟಿಪೇರು ಮೊದಲು, ವ್ಯಕ್ತಿಯ ಹೆಸರು ಅನಂತರ. ಈ ಸೀಮೆಯ ಕ್ರೈಸ್ತರಲ್ಲಿ ಹಿರಿಯರಿಂದ ಬಂದ ಇಂಟಿಪೇರಿನ ಬೆನ್ನಿಗೇ ಅಬ್ರಹಾಮು, ಇಸ್ಸಾಕು, ಯಾಕೋಬು ಎಂಬ ಹೆಸರುಗಳು ಬರುವುದುಂಟು.