ಮಾದಲ, ಬೇಲದ ಲೆಕ್ಕವೂ ಹತ್ತನೆಯ ತರಗತಿಯ ಸಮೀಕರಣವೂ

ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಗಣಿತ ಭಾಗ 1ರ ಪುಸ್ತಕ ತೆರೆದೊಡನೆ ಎದುರಾಗುವ ಮೊದಲ ಪಾಠ, ಎರಡು ಅಜ್ಞಾತ ರಾಶಿಗಳ ರೇಖೀಯ ಸಮೀಕರಣ. ಸಮೀಕರಣವನ್ನೇ ಬರೆದುಕೊಟ್ಟರೆ ಸರಾಗವಾಗಿ ಬಿಡಿಸುವ ಮಗು, ಅದು ನಾಲ್ಕು ಸಾಲಿನ ಶಾಬ್ದಿಕ ಲೆಕ್ಕವಾಗಿ ಬಂದಾಗ ಲೇಖನಿ ಕೆಳಗಿಡುತ್ತದೆ. ಹೊಲದ ಕೆಲಸ ಮುಗಿಸಿ ಬಂದ ತಂದೆತಾಯಿಗಳು ಬೀಜಗಣಿತ ತಮಗೆ ಬಾರದೆಂದು ದೂರ ಸರಿಯುತ್ತಾರೆ. ಆದರೆ ಇಂಥ ಲೆಕ್ಕದ ಅರ್ಧ ಭಾಗ ಓದಿನದು. ಆ ಅರ್ಧದಲ್ಲಿ ಮನೆಯವರು ನೆರವಾಗಬಲ್ಲರು. ಏಕೆಂದರೆ ಅದು ಮನೆಮಾತಾದ ಕನ್ನಡದಲ್ಲಿಯೇ ಇದೆ.

ಮಹಾವೀರನ ಹಣ್ಣುಗಳು

ಈ ಬಗೆಯ ಲೆಕ್ಕ ಕನ್ನಡ ನಾಡಿಗೆ ಹೊಸತಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ 9ನೆಯ ಶತಮಾನದಲ್ಲಿ ಜೈನಾಚಾರ್ಯ ಮಹಾವೀರನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಹಣ್ಣಿನ ಲೆಕ್ಕವೊಂದಿದೆ. 9 ಮಾದಲಹಣ್ಣು ಮತ್ತು 7 ಬೇಲದಹಣ್ಣಿನ ಒಟ್ಟು ಬೆಲೆ 107. 7 ಮಾದಲ ಮತ್ತು 9 ಬೇಲಕ್ಕೆ 101. ಒಂದೊಂದು ಹಣ್ಣಿನ ಬೆಲೆಯನ್ನು ಕಂಡುಹಿಡಿಯಬೇಕು.

ಪುಸ್ತಕದ ಎಕ್ಸ್, ವೈ ಬದಲಿಗೆ ಒಂದು ಮಾದಲದ ಬೆಲೆಯನ್ನು ‘ಮಾ’ ಎಂದೂ ಒಂದು ಬೇಲದ ಬೆಲೆಯನ್ನು ‘ಬೇ’ ಎಂದೂ ಕರೆದರೆ ಸಮೀಕರಣಗಳು ಹೀಗಾಗುತ್ತವೆ:

9 ಮಾ + 7 ಬೇ = 107
7 ಮಾ + 9 ಬೇ = 101

ಇವೆರಡನ್ನೂ ಕೂಡಿಸಿದರೆ 16 ಮಾ + 16 ಬೇ = 208; ಆದ್ದರಿಂದ ಮಾ + ಬೇ = 13. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 2 ಮಾ − 2 ಬೇ = 6; ಆದ್ದರಿಂದ ಮಾ − ಬೇ = 3. ಮೊತ್ತ 13, ಅಂತರ 3. ಮಾದಲದ ಬೆಲೆ 8, ಬೇಲದ ಬೆಲೆ 5. ಸಂಖ್ಯೆಗಳು ಅದಲುಬದಲಾಗಿ ಬಂದಾಗಲೆಲ್ಲ ಕೂಡಿಸಿ ಕಳೆಯುವ ಈ ದಾರಿ ಹತ್ತಿರದ್ದು.

ಮಹಾವೀರನು ಹೇಳಿದ ಸೂತ್ರ ಬೇರೆ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ, ಅದರಿಂದ ಸಣ್ಣ ಬೆಲೆ ಮತ್ತು ಸಣ್ಣ ಸಂಖ್ಯೆಯ ಗುಣಲಬ್ಧವನ್ನು ಕಳೆಯಬೇಕು. ಉಳಿದುದನ್ನು ಆ ಎರಡು ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. ಅಂದರೆ 107 × 9 = 963, 101 × 7 = 707, ಉಳಿಕೆ 256. 81 − 49 = 32. 256ನ್ನು 32ರಿಂದ ಭಾಗಿಸಿದರೆ 8. ಮಹಾರಾಷ್ಟ್ರದ ಹತ್ತನೆಯ ತರಗತಿಯ ಪುಸ್ತಕದಲ್ಲಿ ನಿರ್ಧಾರಕಗಳಿಂದ ಬಿಡಿಸುವ ಕ್ರಾಮರನ ನಿಯಮವಿದೆ. ಈ ಲೆಕ್ಕವನ್ನು ಆ ನಿಯಮದಿಂದ ಬಿಡಿಸಿದವರಿಗೆ 256 ಮತ್ತು 32 ಎಂಬ ಅವೇ ಸಂಖ್ಯೆಗಳು ದೊರೆಯುತ್ತವೆ. ಜಿನೀವಾದ ಗಣಿತಜ್ಞ ಗೇಬ್ರಿಯಲ್ ಕ್ರಾಮರನು ಎಲ್ಲ ಬಗೆಯ ಸಂಖ್ಯೆಗಳಿಗೂ ಹೊಂದುವ ತನ್ನ ನಿಯಮವನ್ನು ಪ್ರಕಟಿಸಿದ್ದು 1750ರಲ್ಲಿ. 12ನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ವಿಭಕ್ತಿ ತೋರುವ ದಾರಿ

ಮಕ್ಕಳು ಎಡವುವ ಎಡೆಗಳು ಕೆಲವೇ. ಮೊದಲನೆಯದು, ಅಕ್ಷರವನ್ನು ವಸ್ತುವೆಂದು ತಿಳಿಯುವುದು. ‘ಮಾ’ ಎಂದರೆ ಮಾದಲವಲ್ಲ, ಒಂದು ಮಾದಲದ ಬೆಲೆ, ಅದೊಂದು ಸಂಖ್ಯೆ. ಆದುದರಿಂದ ‘ಮಾ ಎಂದರೆ ಏನು?’ ಎಂದು ಕೇಳಿ, ಪೂರ್ಣ ವಾಕ್ಯದಲ್ಲಿ ಉತ್ತರ ಬರೆಯಿಸಿದ ಮೇಲೆಯೇ ಮುಂದೆ ಸಾಗಬೇಕು.

ಎರಡನೆಯದು, ಪಟ್ಟಿನ ಗೊಂದಲ. ‘ದಾಳಿಂಬೆಯ ಪೆಟ್ಟಿಗೆಗಳ ಸಂಖ್ಯೆ ದ್ರಾಕ್ಷಿಯ ಪೆಟ್ಟಿಗೆಗಳ ಸಂಖ್ಯೆಯ ಎರಡರಷ್ಟು’ ಎಂದಾಗ ಮಗು ಅವಸರದಲ್ಲಿ ದಾಳಿಂಬೆಯ ಸಂಖ್ಯೆಯನ್ನೇ 2ರಿಂದ ಗುಣಿಸಿಬಿಡುತ್ತದೆ. ಇಲ್ಲಿ ಕನ್ನಡದ ವ್ಯಾಕರಣವೇ ದಾರಿ ತೋರುತ್ತದೆ. ‘ಎರಡರಷ್ಟು’ ಎಂಬುದಕ್ಕೆ ಅಂಟಿಕೊಂಡು ಅದರ ಹಿಂದೆಯೇ ನಿಂತ ಷಷ್ಠೀ ವಿಭಕ್ತಿಯ ಪದ ಯಾವುದೆಂದು ನೋಡಬೇಕು. ಅದು ದ್ರಾಕ್ಷಿಯ ಪೆಟ್ಟಿಗೆಗಳ ಸಂಖ್ಯೆ, ಗುಣಿಸಬೇಕಾದದ್ದು ಅದನ್ನು. ದಾಳಿಂಬೆ = 2 × ದ್ರಾಕ್ಷಿ. ಹಾಗೆಯೇ ‘ಗಿಂತ’ ಹತ್ತಿದ ರಾಶಿಗೆ, ‘ಹೆಚ್ಚು’ ಎಂದಿದ್ದರೆ ಕೂಡಿಸಬೇಕು, ‘ಕಡಿಮೆ’ ಎಂದಿದ್ದರೆ ಅದರಿಂದ ಕಳೆಯಬೇಕು. ಆಗ ಇನ್ನೊಂದು ರಾಶಿ ದೊರೆಯುತ್ತದೆ.

ಮೂರನೆಯದು ವಯಸ್ಸಿನ ಲೆಕ್ಕ. ಇಂದು ತಂದೆ ಮಗನ ವಯಸ್ಸುಗಳ ಮೊತ್ತ 60. ಐದು ವರ್ಷಗಳ ಹಿಂದೆ ತಂದೆಯ ವಯಸ್ಸು ಮಗನ ವಯಸ್ಸಿನ ನಾಲ್ಕರಷ್ಟಿತ್ತು. ಅನೇಕರು ತಂದೆಯ ವಯಸ್ಸಿನಿಂದ ಮಾತ್ರ 5 ಕಳೆಯುತ್ತಾರೆ. ಕಾಲ ಇಬ್ಬರಿಗೂ ಸರಿಯುತ್ತದೆಯೆಂಬುದನ್ನು ಅಜ್ಜಿಯೂ ಹೇಳಬಲ್ಲಳು. ಅಂದು ಇಬ್ಬರ ಮೊತ್ತ 50. ಅದರಲ್ಲಿ ಮಗನದು ಒಂದು ಪಾಲು, ತಂದೆಯದು ನಾಲ್ಕು ಪಾಲು. ಮಗನಿಗೆ ಅಂದು 10, ಇಂದು 15. ತಂದೆಗೆ ಇಂದು 45.

ಕೊನೆಯ ಹೆಜ್ಜೆ ತಾಳೆ ನೋಡುವುದು. ಉತ್ತರವನ್ನು ಸಮೀಕರಣದಲ್ಲಿ ಇಟ್ಟು ನೋಡಿದರೆ ಸಾಲದು. ಸಮೀಕರಣವೇ ತಪ್ಪಿದ್ದರೂ ಅದು ಅಲ್ಲಿ ಹೊಂದಿಬಿಡುತ್ತದೆ. ಲೆಕ್ಕದ ಮೂಲ ವಾಕ್ಯಗಳಲ್ಲಿಯೇ ಇಟ್ಟು ಗಟ್ಟಿಯಾಗಿ ಓದಬೇಕು. ಬೀಜಗಣಿತ ಕಲಿಯದ ತಾಯಿಯೂ ಆ ಓದನ್ನು ಕೇಳಿ, ಸರಿಯೋ ತಪ್ಪೋ ಹೇಳಬಲ್ಲಳು.

ಮನೆಯಲ್ಲಿ ಬಿಡಿಸಲು ಒಂದು ಲೆಕ್ಕ

ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್. ಜತ್ತದಿಂದ ಹೊರಟ ಬಸ್ಸೊಂದರಲ್ಲಿ 40 ಪ್ರಯಾಣಿಕರಿದ್ದಾರೆ. ಎಲ್ಲರೂ ಒಂದೇ ಊರಿಗೆ ಹೋಗುವವರು. ಪುರುಷರಿಗೆ ಪೂರ್ಣ ಟಿಕೆಟ್ 60 ರೂಪಾಯಿ, ಮಹಿಳೆಯರಿಗೆ 30 ರೂಪಾಯಿ ಎಂದಿರಲಿ. ಬೇರೆ ರಿಯಾಯಿತಿಯವರು ಯಾರೂ ಇಲ್ಲ. ಕಂಡಕ್ಟರನ ಚೀಲದಲ್ಲಿ ಕೂಡಿದ ಹಣ 1,650 ರೂಪಾಯಿ. ಪುರುಷರೆಷ್ಟು, ಮಹಿಳೆಯರೆಷ್ಟು?

ಸುಳಿವು: 40 ಜನರೂ ಅರ್ಧ ಟಿಕೆಟಿನವರಾಗಿದ್ದರೆ ಕೂಡುತ್ತಿದ್ದ ಹಣ 1,200 ರೂಪಾಯಿ. ಮಿಕ್ಕ 450 ರೂಪಾಯಿ ಯಾರಿಂದ ಬಂತು? ಮೊದಲು ಬಾಯಿಲೆಕ್ಕದಲ್ಲಿ, ಆಮೇಲೆ ಎರಡು ಸಮೀಕರಣಗಳಲ್ಲಿ ಬಿಡಿಸಿ, ಎರಡೂ ಉತ್ತರಗಳನ್ನು ಹೋಲಿಸಬೇಕು.

ಉತ್ತರ: ಪುರುಷರು 15, ಮಹಿಳೆಯರು 25.