ಒಂದು ದಿನದ ಕಪ್, ಒಂದು ಋತುವಿನ ಲೀಗ್



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಫುಟ್‌ಬಾಲ್ ಹೊಸದೇನಲ್ಲ. ಮನೆಯೊಳಗೆ ಕನ್ನಡವೋ ತುಳುವೋ, ಬಿಲ್ಡಿಂಗ್ ಕೆಳಗೆ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಆದರೆ ಚೆಂಡು ಕಾಲಿಗೆ ಬಂತೆಂದರೆ ಎಲ್ಲರದೂ ಒಂದೇ ಭಾಷೆ. ಶನಿವಾರ ರಾತ್ರಿ ಹತ್ತು ಜನ ಸೇರಿ ಹಣ ಹಾಕಿ ದೀಪದ ಬೆಳಕಿನಲ್ಲಿ ಟರ್ಫ್ ಬಾಡಿಗೆಗೆ ಹಿಡಿಯುತ್ತೀರಿ. ಒಂದು ಗಂಟೆ ಆಡುತ್ತೀರಿ. ವರ್ಷಕ್ಕೊಮ್ಮೆ ಯಾವುದಾದರೂ ಮಂಡಳದ ಒಂದು ದಿನದ ಪಂದ್ಯಾವಳಿಗೆ ಹೆಸರು ಕೊಡುತ್ತೀರಿ. ಬೆಳಿಗ್ಗೆ ಶುರುವಾದದ್ದು ಸಂಜೆಗೆ ಮುಗಿದು, ಗೆದ್ದವರು ಕಪ್ ಎತ್ತಿ ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಮರುದಿನ ಆ ತಂಡವೇ ಇರುವುದಿಲ್ಲ!

ಇದರಲ್ಲಿ ಸಂತೋಷವಿಲ್ಲವೆಂದು ಯಾರೂ ಹೇಳಲಾರರು. ಆದರೆ ನಿಮ್ಮಲ್ಲಿ ಎಷ್ಟು ಮಂದಿ ಲೀಗ್ ಆಡಿದ್ದೀರಿ? ಹನ್ನೊಂದು ಜನರ ಪೂರ್ಣ ಮೈದಾನದಲ್ಲಿ, ನೋಂದಾಯಿತ ಆಟಗಾರನಾಗಿ, ವಾರದ ಮೇಲೆ ವಾರ, ಒಂದೇ ತಂಡದ ಅಂಗಿ ತೊಟ್ಟು? ಈ ಪ್ರಶ್ನೆಗೆ ಏಳುವ ಕೈಗಳು ಬಹಳ ಕಡಿಮೆ. ಅದೇಕೆ, ಅದರಿಂದ ನಾವು ಕಳೆದುಕೊಳ್ಳುವುದೇನು ಎಂಬುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಲೀಗ್ ಎಂದರೇನು?

ಕಪ್ ಪಂದ್ಯಾವಳಿಯಲ್ಲಿ ಒಮ್ಮೆ ಸೋತರೆ ಮನೆಗೆ. ಲೀಗಿನಲ್ಲಿ ಹಾಗಲ್ಲ, ಪ್ರತಿಯೊಂದು ತಂಡ ಉಳಿದ ಎಲ್ಲ ತಂಡಗಳನ್ನೂ ಎದುರಿಸಬೇಕು. ಹನ್ನೆರಡು ತಂಡಗಳಿವೆ ಎಂದುಕೊಳ್ಳಿ. ಒಂದೊಂದು ತಂಡಕ್ಕೆ 11 ಪಂದ್ಯ, ಒಟ್ಟು 66 ಪಂದ್ಯ. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಮೊದಲು ಗೆಲುವಿಗೆ ಎರಡೇ ಅಂಕವಿತ್ತು. ಇಂಗ್ಲೆಂಡಿನ ಲೀಗ್ 1981ರಲ್ಲಿ ಮೂರು ಅಂಕ ಕೊಡಲಾರಂಭಿಸಿತು. 1994ರಲ್ಲಿ ವಿಶ್ವ ಕಪ್ ಕೂಡ ಅದನ್ನೇ ಅನುಸರಿಸಿತು.

ಇದರ ಪರಿಣಾಮ ನೋಡಿ. ಒಂದು ತಂಡ 7 ಗೆದ್ದು, 3 ಸಮ ಮಾಡಿ, 1 ಸೋತಿದೆ. ಇನ್ನೊಂದು 8 ಗೆದ್ದು 3 ಸೋತಿದೆ. ಹಳೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ 17, ಎರಡನೆಯದಕ್ಕೆ 16. ಮೊದಲನೆಯದೇ ಚಾಂಪಿಯನ್. ಹೊಸ ಲೆಕ್ಕದಲ್ಲಿ ಎರಡಕ್ಕೂ 24! ಆಗ ಹೊಡೆದ ಗೋಲುಗಳಿಂದ ತಿಂದ ಗೋಲುಗಳನ್ನು ಕಳೆದು ನೋಡಬೇಕಾಗುತ್ತದೆ. ಅನೇಕ ಲೀಗುಗಳಲ್ಲಿ ನಿಯಮ ಹೀಗೇ ಇದೆ. ಋತುವಿನ ಎರಡನೇ ವಾರದಲ್ಲಿ, ಹೇಗೂ 3-0ಯಿಂದ ಗೆಲ್ಲುತ್ತಿದ್ದೇವಲ್ಲ ಎಂದು ಕೊನೆಯ ನಿಮಿಷದಲ್ಲಿ ಉದಾಸೀನದಿಂದ ಬಿಟ್ಟುಕೊಟ್ಟ ಒಂದು ಗೋಲು ಕೊನೆಯ ವಾರ ಪ್ರಶಸ್ತಿಯನ್ನೇ ಕಸಿದುಕೊಳ್ಳಬಹುದು. ಕಪ್ ಗೆಲ್ಲಲು ಒಂದು ಒಳ್ಳೆಯ ದಿನ ಸಾಕು. ಲೀಗ್ ಗೆಲ್ಲಲು ಕೆಟ್ಟ ದಿನಗಳನ್ನೂ ಸಂಭಾಳಿಸಲು ಬರಬೇಕು.

ಲೀಗಿನಲ್ಲಿ ಮೇಲಿನ ಮತ್ತು ಕೆಳಗಿನ ಶ್ರೇಣಿಗಳಿರುತ್ತವೆ. ಗೆದ್ದ ತಂಡ ಮೇಲೇರುತ್ತದೆ, ಕೊನೆಯಲ್ಲಿ ಉಳಿದದ್ದು ಕೆಳಗಿಳಿಯುತ್ತದೆ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಎಂಬ ತಂಡ ಬೆಂಗಳೂರಿನ ಲೀಗಿನಿಂದ ಬಂದದ್ದು. 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗಿಗೆ ಏರಿತು. ಜಿಲ್ಲೆಯ ಮೈದಾನದಿಂದ ದೇಶದ ಮೈದಾನಕ್ಕೆ ಏಣಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ದಿನದ ಕಪ್‌ಗೆ ಅಂಥ ಏಣಿ ಇಲ್ಲ.

ಮುಂಬಯಿಯ ಮಣ್ಣು, ಬೆಂಗಳೂರಿನ ಕಾಲು

ನೀವು ವಾಸಿಸುವ ಈ ಮಹಾನಗರದ ಫುಟ್‌ಬಾಲ್ ಇತಿಹಾಸ ಸಣ್ಣದಲ್ಲ. ರೋವರ್ಸ್ ಕಪ್ ಇಲ್ಲಿ ಆರಂಭವಾದದ್ದು 1891ರಲ್ಲಿ. ಹಾರ್ವುಡ್ ಲೀಗ್ 1902ರಲ್ಲಿ ಶುರುವಾಯಿತು. ಇಂದಿನ ಮುಂಬಯಿ ಲೀಗ್ ಅದರದೇ ಮುಂದುವರಿಕೆ. ಈ ರಾಜ್ಯದ ಆಟವನ್ನು ನಡೆಸುವ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್ 1911ರಲ್ಲಿ ಸ್ಥಾಪನೆಯಾಯಿತು. ಆರಂಭದ ದಶಕಗಳಲ್ಲಿ ರೋವರ್ಸ್ ಕಪ್ ಗೆಲ್ಲುತ್ತಿದ್ದವರೆಲ್ಲ ಬ್ರಿಟಿಷ್ ಸೈನ್ಯದ ತಂಡಗಳು. ಮೊದಲ ಸಲ ಅದನ್ನು ಗೆದ್ದ ಭಾರತೀಯ ತಂಡ ಯಾವುದು ಗೊತ್ತೇ? ಮುಂಬಯಿಯದಲ್ಲ, ಕಲ್ಕತ್ತೆಯದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್!

1937ರ ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಅದೇನು ಸಾಮಾನ್ಯ ತಂಡವೇ? 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ. ಮರುವರ್ಷ, 1938ರಲ್ಲಿ, ಬ್ರಿಟಿಷ್ ಸೇನಾ ತಂಡವೊಂದನ್ನು ಮಣಿಸಿ ಬೆಂಗಳೂರಿನವರು ಮತ್ತೆ ಕಪ್ ಗೆದ್ದರು; 1948ರಲ್ಲಿ ಮೂರನೆಯ ಬಾರಿ. ನಮ್ಮ ಹಿರಿಯರು ಹೋಟೆಲು, ಕಚೇರಿ, ರಾತ್ರಿ ಶಾಲೆಗಳ ನಡುವೆ ಈ ಊರಿನಲ್ಲಿ ನೆಲೆಯೂರಲು ದುಡಿಯುತ್ತಿದ್ದ ಕಾಲದಲ್ಲಿ, ಅವರದೇ ಕಡೆಯ ಹುಡುಗರು ಇಲ್ಲಿಗೆ ಬಂದು ಗೆದ್ದು ಹೋದರು. ರೋವರ್ಸ್ ಕಪ್ ಈಗಿಲ್ಲ. 2000-01ರ ನಂತರ ಅದು ನಡೆದಿಲ್ಲ. ಆದರೆ ಈ ಮಾತು ನಿಮ್ಮ ತಲೆಮಾರಿಗೆ ಗೊತ್ತಿರಬೇಕು.

ಬೆಂಗಳೂರಿನ ದಂಡು ಪ್ರದೇಶದ ಮೈದಾನಗಳಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಒಟ್ಟಿಗೆ ಓಡಾಡುತ್ತಿದ್ದವು. ಆ ಊರು ಕೊಟ್ಟ ಆಟಗಾರರನ್ನು ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕಳೆದುಕೊಂಡು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು, ಬೆಂಗಳೂರಿನ ಎಸ್. ರಾಮನ್ ಅವರದು. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐದು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಅಭಿಮಾನಿಗಳು ಆ ಐವರನ್ನು ‘ಪಂಚ ಪಾಂಡವರು’ ಎಂದೇ ಕರೆದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮ ಮೇಲೆ ಹತ್ತು ಗೋಲು ಸುರಿಸಿದಾಗ ಭಾರತದ ಏಕೈಕ ಗೋಲು ಹೊಡೆದವರು ಅವರೇ.

1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು, ಮುಂಬಯಿಯ ನೆವಿಲ್ ಡಿಸೋಜ ಇದ್ದರು. ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ ಪಂದ್ಯದಲ್ಲಿ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಅವರು. ಮುಂಬಯಿಯಲ್ಲಿ ಅವರು ಆಡುತ್ತಿದ್ದದ್ದು ಟಾಟಾ ಮತ್ತು ಕಾಲ್ಟೆಕ್ಸ್ ಕಂಪನಿ ತಂಡಗಳಿಗೆ. ಆಗಿನ ಆಟ ಹವ್ಯಾಸಿಗಳದು. ಬೆಳಿಗ್ಗೆ ಕಚೇರಿ, ಸಂಜೆ ಮೈದಾನ. ಆಟದಿಂದ ನೌಕರಿ, ನೌಕರಿಯಿಂದ ಆಟ.

ಕೊಲ್ಲಿಯ ಈಚೆ ದಡದಲ್ಲಿ

ಹಾಗಾದರೆ ಠಾಣೆಯ ಕೊಲ್ಲಿ ದಾಟಿದ ನಂತರ ಈ ಕಥೆ ಏಕೆ ತೆಳುವಾಗುತ್ತದೆ?

ಮೊದಲ ಕಾರಣ ದೂರ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಬೋರಿಬಂದರದಿಂದ ಠಾಣೆಗೆ, 34 ಕಿಲೋಮೀಟರು. ಮರುವರ್ಷ ಕಲ್ಯಾಣಕ್ಕೆ ಮುಟ್ಟಿತು. ನಮ್ಮ ಕುಟುಂಬಗಳು ಮನೆಯ ಬೆಲೆ ಏರಿದಂತೆಲ್ಲ ಅದೇ ಹಳಿಯ ಮೇಲೆ ಮುಂದೆ ಮುಂದೆ ಸರಿದವು. ಆದರೆ ಫುಟ್‌ಬಾಲಿನ ಮನೆ ಕೂಪರೇಜ್ ಮೈದಾನ ದಕ್ಷಿಣ ಮುಂಬಯಿಯಲ್ಲೇ ಉಳಿಯಿತು. ಕಲ್ಯಾಣದ ಹುಡುಗನಿಗೆ ಸಿ.ಎಸ್.ಎಂ.ಟಿ.ಗೆ ಹೋಗಲು 50 ಕಿಲೋಮೀಟರಿಗೂ ಹೆಚ್ಚು. ವಾರದ ನಡುವೆ ಮಧ್ಯಾಹ್ನದ ಪಂದ್ಯವೆಂದರೆ ಕಾಲೇಜಿನ ಒಂದಿಡೀ ದಿನ ಹೋಯಿತು; ಹಿಂದಿರುಗುವುದು ಸಂಜೆಯ ಗರ್ದಿಯಲ್ಲಿ, ಕಿಟ್ ಬ್ಯಾಗು ತಲೆಯ ಮೇಲೆ ಹಿಡಿದುಕೊಂಡು.

ಎರಡನೆಯದು ಪರೀಕ್ಷೆ. ಹತ್ತನೆಯ ತರಗತಿ ಬಂದೊಡನೆ ಕ್ಲಾಸು, ಹನ್ನೆರಡಕ್ಕೆ ಇನ್ನೊಂದು ಕ್ಲಾಸು. ಕಾಲು ಗಟ್ಟಿಯಾಗುವ ವಯಸ್ಸಿಗೇ ಬೂಟು ಮಾಳಿಗೆ ಸೇರುತ್ತದೆ.

ಮೂರನೆಯದು, ಆಟದಿಂದ ನೌಕರಿ ಸಿಗುವ ಬಾಗಿಲುಗಳು ಕಿರಿದಾದದ್ದು. ಮಹೀಂದ್ರ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದಿತು. 2010ರಲ್ಲಿ ಕಂಪನಿ ಆ ತಂಡವನ್ನೇ ಮುಚ್ಚಿತು. ಅಪ್ಪ-ಅಮ್ಮ “ಫುಟ್‌ಬಾಲ್ ಆಡಿ ಏನು ಮಾಡ್ತೀಯಪ್ಪ?” ಎಂದು ಕೇಳಿದರೆ ಅವರ ಮೇಲೆ ಸಿಟ್ಟಾಗಬೇಡಿ, ಆ ಪ್ರಶ್ನೆಗೆ ಕಾರಣವಿದೆ.

ಇನ್ನೊಂದು ಕಡೆ, ಜಗತ್ತಿನ ಫುಟ್‌ಬಾಲ್ ತಾನಾಗಿಯೇ ನಿಮ್ಮ ಬಾಗಿಲಿಗೆ ಬಂದು ಹೋಯಿತು. ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರಲ್ಲಿ ಹದಿನೇಳರ ಕೆಳಗಿನ ಹುಡುಗರ ವಿಶ್ವ ಕಪ್ ಪಂದ್ಯಗಳು ನಡೆದವು. 2022ರ ಅಕ್ಟೋಬರ್ 30ರಂದು ಅದೇ ವಯಸ್ಸಿನ ಹುಡುಗಿಯರ ವಿಶ್ವ ಕಪ್ ಅಂತಿಮ ಪಂದ್ಯವೂ ಅಲ್ಲೇ. ಸ್ಪೇನ್ ಕೊಲಂಬಿಯಾವನ್ನು 1-0ಯಿಂದ ಸೋಲಿಸಿತು. ನೋಡಲು ಜಾಗವಿದೆ, ಟಿವಿಯಿದೆ, ಟರ್ಫ್ ಇದೆ. ಕೊರತೆಯಿರುವುದು ಹತ್ತಿರದಲ್ಲೇ, ನಿಯಮಿತವಾಗಿ, ವರ್ಷವರ್ಷವೂ ಆಡುವ ಅಭ್ಯಾಸದಲ್ಲಿ.

ಸಂಘಗಳು ಏನು ಮಾಡಬಹುದು?

ನಮ್ಮ ಕನ್ನಡ ಸಂಘಗಳು ಕ್ರೀಡೆಯನ್ನು ಕಡೆಗಣಿಸಿಲ್ಲ. ವಾರ್ಷಿಕ ಕ್ರೀಡಾಕೂಟ, ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ, ಮಹಿಳೆಯರಿಗೆ ತ್ರೋಬಾಲ್ ಎಲ್ಲವೂ ಇವೆ. ಆದರೆ ಇವೆಲ್ಲ ಒಂದು ದಿನದ ಹಬ್ಬ. ಲೀಗ್ ತಂಡ ಕಟ್ಟುವುದು ಬೇರೆ ಕೆಲಸ. ಅದು ದಿನನಿತ್ಯದ ಸಂಸಾರವಿದ್ದಂತೆ.

ಅದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಹಣವಲ್ಲ. ಹನ್ನೊಂದು ಜನ ಮೈದಾನದಲ್ಲಿರಲು ಇಪ್ಪತ್ತು ಜನ ಪಟ್ಟಿಯಲ್ಲಿರಬೇಕು, ಏಕೆಂದರೆ ಒಬ್ಬನಿಗೆ ಪರೀಕ್ಷೆ, ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಊರಲ್ಲಿ ಮದುವೆ ಇದ್ದದ್ದೇ. ಎರಡು ಬಣ್ಣದ ಜೆರ್ಸಿ ಬೇಕು. ವಯಸ್ಸಿನ ದಾಖಲೆ, ಫೋಟೊ, ನೋಂದಣಿ ಕಾಗದಗಳನ್ನು ಜೋಪಾನವಾಗಿಡುವ ಒಬ್ಬ ಮ್ಯಾನೇಜರ್ ಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸಮಯಕ್ಕೆ ಸರಿಯಾಗಿ ಮೈದಾನ ಮುಟ್ಟುವ ಶಿಸ್ತು ಬೇಕು. ತಂಡ ಬಾರದಿದ್ದರೆ ಎದುರಾಳಿಗೆ ವಾಕೋವರ್. ಆಡದೆ ಸೋತ ಅಂಕಗಳು ಋತುವಿಡೀ ಕಾಡುತ್ತವೆ. ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಹೋಟೆಲ್ ಉದ್ಯಮಿಗಳಿದ್ದಾರೆ, ವೈದ್ಯರಿದ್ದಾರೆ, ಶಿಕ್ಷಕರಿದ್ದಾರೆ. ಒಬ್ಬರು ಲೆಕ್ಕ ಬರೆದರೆ, ಒಬ್ಬರು ಪಂದ್ಯದ ದಿನದ ಉಪಾಹಾರ ಒದಗಿಸಿದರೆ, ಒಬ್ಬರು ಉಳುಕಿದ ಕಾಲು ನೋಡಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಕೇಳುವವರು ನೀವಾಗಬೇಕು. ಮುಂದಿನ ಸಭೆಯಲ್ಲಿ ಎದ್ದು ನಿಂತು, ನಿಮ್ಮ ಮುರುಕು ಕನ್ನಡದಲ್ಲೇ ಆಗಲಿ, ಕೇಳಿ. ಯಾರೂ ನಗುವುದಿಲ್ಲ, ನಕ್ಕರೂ ಸಂತೋಷದಿಂದ ನಗುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ತಂಡ ಕನ್ನಡಿಗರಿಗೆ ಮಾತ್ರ ಎಂದು ಬೇಲಿ ಹಾಕಿಕೊಳ್ಳಬೇಡಿ. ಲೀಗ್ ಎಂಬುದು ಊರಿನದು, ಓಣಿಯದು. ಪಕ್ಕದ ಮನೆಯ ಮರಾಠಿ ಹುಡುಗ ಒಳ್ಳೆಯ ಗೋಲ್‌ಕೀಪರ್ ಆಗಿದ್ದರೆ ಅವನಿಗೆ ಕೈಗವಸು ಕೊಡಿ. ಬೆಂಗಳೂರಿನ ಆಟ ಬೆಳೆದದ್ದು ಹೀಗೆ ಬೆರೆತೇ. ಸಂಘಕ್ಕೆ ತಂಡ ಕಟ್ಟಲು ಇನ್ನೂ ಸಮಯ ಬೇಕಾದರೆ, ನಿಮ್ಮ ಹತ್ತಿರದಲ್ಲಿ ಲೀಗ್ ಆಡುವ ಕ್ಲಬ್ ಯಾವುದಿದೆ ವಿಚಾರಿಸಿ, ಅಭ್ಯಾಸದ ಹೊತ್ತಿಗೆ ಹೋಗಿ ನಿಲ್ಲಿ. ಮೊದಲ ಋತುವಿನಲ್ಲಿ ಬೆಂಚಿನ ಮೇಲೆ ಕೂರಬೇಕಾದೀತು. ಕೂರಿ. ಬೆಂಚಿನ ಮೇಲೆ ಕೂತು ಕಲಿತದ್ದನ್ನು ಯಾವ ಟರ್ಫೂ ಕಲಿಸುವುದಿಲ್ಲ.

ಮನೆಯವರಿಗೆ ಏನು ಹೇಳುತ್ತೀರಿ? ಫುಟ್‌ಬಾಲೇ ಹೊಟ್ಟೆ ಹೊರೆಯುತ್ತದೆಂದು ಸುಳ್ಳು ಹೇಳಬೇಡಿ. ವಾರದ ವೇಳಾಪಟ್ಟಿ ಬರೆದು ತೋರಿಸಿ: ಓದು ಇಷ್ಟು, ಆಟ ಇಷ್ಟು. ಒಂದು ಪಂದ್ಯಕ್ಕೆ ಅವರನ್ನು ಕರೆದುಕೊಂಡು ಬನ್ನಿ. ಮಗ ಸೋತ ಮೇಲೂ ಎದುರಾಳಿಯ ಕೈಕುಲುಕಿ, ಮುಂದಿನ ವಾರ ಮತ್ತೆ ಆಡಲು ಹೊರಡುವುದನ್ನು ಅವರು ಕಣ್ಣಾರೆ ನೋಡಲಿ. ಅದಕ್ಕಿಂತ ದೊಡ್ಡ ವಾದ ನಿಮ್ಮ ಬಳಿ ಇಲ್ಲ.

ಕೊನೆಗೊಂದು ಲೆಕ್ಕ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು 1968-69ರಲ್ಲಿ ನಾಲ್ಕನೆಯ ಬಾರಿ ಗೆದ್ದಿತು. ಆಮೇಲೆ ರಾಜ್ಯದ ಹೆಸರೇ ಕರ್ನಾಟಕವಾಯಿತು, ತಲೆಮಾರುಗಳು ಕಳೆದವು, ಟ್ರೋಫಿ ಮಾತ್ರ ಬರಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಗೆದ್ದಿತು. ನಡುವೆ 54 ವರ್ಷ! ಆ ವರ್ಷಗಳಲ್ಲಿ ಬೆಂಗಳೂರಿನ ಮೈದಾನಗಳಲ್ಲಿ ಖಾಲಿ ಗ್ಯಾಲರಿಗಳ ಮುಂದೆ ಲೀಗ್ ಆಡಿದ ಎಷ್ಟೋ ಹುಡುಗರ ಹೆಸರು ಯಾರಿಗೂ ನೆನಪಿಲ್ಲ. ಅವರು ಆಡುವುದನ್ನು ಬಿಟ್ಟಿದ್ದರೆ ರಿಯಾದ್‌ಗೆ ಹೋಗಲು ತಂಡವೇ ಇರುತ್ತಿರಲಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಮೈದಾನಗಳಿಗೂ ಅಂಥ ಹುಡುಗರು ಬೇಕಾಗಿದ್ದಾರೆ. ಈ ಋತುವಿಗೆ ಹೆಸರು ಕೊಡಿ.